ಮಗಳ ಹಲ್ಲಿನ ಬಿಲ್ಲು: ಓದುಗರ ಸ್ಪಂದನ

ಬ್ರಹ್ಮಾವರದ ತಾಯಿಯೊಬ್ಬರ ಪ್ರಶ್ನೆ: ಅಮೆರಿಕದಲ್ಲಿ ಎಂ.ಎಸ್. ಓದುತ್ತಿರುವ ಮಗಳ ದವಡೆ ಹಲ್ಲಿಗೆ ರೂಟ್ ಕೆನಾಲ್ ಆಯಿತು. ತಪಾಸಣೆ, ಎಕ್ಸ್‌ರೇ 140 ಡಾಲರ್, ರೂಟ್ ಕೆನಾಲ್ 1,250, ಒಳಗಿನ ಫಿಲ್ಲಿಂಗ್ 300, ಕ್ಯಾಪ್ 1,350, ಒಟ್ಟು 3,040. ವಿಮೆ ಕಳೆದು ನಿಮ್ಮ ಪಾಲು 1,115 ಎಂದಿದ್ದ ಕ್ಲಿನಿಕ್ ಈಗ 2,040 ಕೇಳುತ್ತಿದೆ. ಇನ್ನೊಂದು ಹಲ್ಲೂ ಹಾಳಾಗಿದೆಯಂತೆ. ಹಣ ಕಟ್ಟುವುದೇ? ಎರಡನೆಯದಕ್ಕೆ ಊರಿಗೆ ಕರೆಸುವುದೇ?

*

ಅಮ್ಮಾ, 1,115 ಎಲ್ಲಿಂದ ಬಂತು ನೋಡಿ. ತಪಾಸಣೆಗೆ ಪೂರ್ತಿ 140. ರೂಟ್ ಕೆನಾಲಿಗೆ ಡಿಡಕ್ಟಿಬಲ್, ಅಂದರೆ ಮೊದಲು ನಾವೇ ಭರಿಸಬೇಕಾದ ಮೊತ್ತ, 50 ಕಳೆದು ಉಳಿದದ್ದರ 80%, ಅಂದರೆ 960. ಫಿಲ್ಲಿಂಗಿಗೂ ಕ್ಯಾಪಿಗೂ ಅರ್ಧರ್ಧ, 150 ಮತ್ತು 675. ವಿಮೆಯ ಪಾಲು 1,925. ಆದರೆ ಕಂಪನಿ ಕೊಟ್ಟದ್ದು ಸರಿಯಾಗಿ 1,000. ಇಂಥ ದುಂಡು ಅಂಕಿ ಕಂಡರೆ ವಾರ್ಷಿಕ ಮಿತಿ, ಅಂದರೆ ವಿಮೆ ವರ್ಷಕ್ಕೆ ಕೊಡುವ ಗರಿಷ್ಠ ಮೊತ್ತ, ಮುಗಿದಿದೆ ಎಂದೇ ಲೆಕ್ಕ. ಅಲ್ಲಿನ ಹಲ್ಲಿನ ವಿಮೆಗಳಲ್ಲಿ ಈ ಮಿತಿ ಸಾಮಾನ್ಯವಾಗಿ 1,000ದಿಂದ 2,000 ಡಾಲರ್. ಕೌಂಟರಿನವರು ಶೇಕಡಾ ಹೇಳಿದ್ದಾರೆ, ಮಿತಿ ನೋಡಿಲ್ಲ.

ಹಾಗೆಂದು 2,040 ಕಣ್ಣು ಮುಚ್ಚಿ ಕಟ್ಟಬೇಡಿ. ವಿಮೆ ಕಂಪನಿಯ ಇಒಬಿ, ಅಂದರೆ ಕ್ಲೇಮಿನ ವಿವರಣಾ ಪತ್ರ, ಮಗಳ ಆನ್‌ಲೈನ್ ಖಾತೆಯಲ್ಲಿರುತ್ತದೆ. ಅದು ಬಿಲ್ಲಲ್ಲ. ಅದರಲ್ಲಿ 'ಅಲೌಡ್ ಅಮೌಂಟ್' (ವಿಮೆ ಒಪ್ಪುವ ದರ) ಎಂಬ ಕಾಲಂ ಹುಡುಕಿ. ಕ್ಲಿನಿಕ್ ನೆಟ್‌ವರ್ಕಿನಲ್ಲಿದ್ದರೆ, ಅಂದರೆ ವಿಮೆ ಕಂಪನಿಯೊಡನೆ ದರದ ಒಪ್ಪಂದ ಮಾಡಿಕೊಂಡಿದ್ದರೆ, ರೂಟ್ ಕೆನಾಲಿಗೆ ಒಪ್ಪಿದ ದರ 1,250ಕ್ಕಿಂತ ಕಡಿಮೆ ಇರಬಹುದು. ಆ ವ್ಯತ್ಯಾಸವನ್ನು ಕ್ಲಿನಿಕ್ ಬಿಡಬೇಕು, ನಿಮ್ಮಿಂದ ಕೇಳುವ ಹಾಗಿಲ್ಲ. ಮಿತಿ ಮುಗಿದ ಮೇಲೂ ಬಹಳಷ್ಟು ಒಪ್ಪಂದಗಳಲ್ಲಿ ಕಡಿಮೆ ದರವೇ ನಡೆಯುತ್ತದೆ. 'ನಿಮ್ಮ ವಿಮೆ ತೆಗೆದುಕೊಳ್ಳುತ್ತೇವೆ' ಎಂಬ ಮಾತಿಗೂ ನೆಟ್‌ವರ್ಕಿನಲ್ಲಿರುವುದಕ್ಕೂ ಸಂಬಂಧವಿಲ್ಲ, ಇದನ್ನು ವಿಮೆ ಕಂಪನಿಗೇ ಫೋನ್ ಮಾಡಿ ಕೇಳಬೇಕು. ನಂತರ ಚಿಕಿತ್ಸೆಯ ಕೋಡ್ ಸಮೇತ ಐಟಮೈಸ್ಡ್ ಬಿಲ್, ಅಂದರೆ ಬಾಬ್ತುವಾರು ಬಿಲ್, ಕೇಳಲಿ: ದವಡೆ ಹಲ್ಲಿನ ರೂಟ್ ಕೆನಾಲಿಗೆ ಡಿ3330, ಒಳಗಿನ ಫಿಲ್ಲಿಂಗಿಗೆ ಡಿ2950, ಸೆರಾಮಿಕ್ ಕ್ಯಾಪಿಗೆ ಡಿ2740. ಎರಡು ಕಾಗದ ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ತಾಳೆ ನೋಡಿ. ತಕರಾರಿದ್ದರೆ ಅರ್ಜಿಯ ಗಡುವು ಇಒಬಿಯಲ್ಲೇ ಇರುತ್ತದೆ.

ಮುಂದಿನ ಹಲ್ಲಿಗೆ ಮೊದಲೇ ವಿಮೆ ಕಂಪನಿಯಿಂದ 'ಪ್ರೀ-ಟ್ರೀಟ್‌ಮೆಂಟ್ ಎಸ್ಟಿಮೇಟ್' (ಚಿಕಿತ್ಸೆಗೆ ಮುಂಚಿನ ಅಂದಾಜು) ತರಿಸಲಿ. ಮಿತಿ ಮತ್ತೆ ಶುರುವಾಗುವುದು ಜನವರಿಗೋ ಆಗಸ್ಟಿಗೋ ಕೇಳಲಿ, ವಿದ್ಯಾರ್ಥಿ ಪ್ಲಾನುಗಳಲ್ಲಿ ಎರಡೂ ಉಂಟು.

— ವಿಮಾ ಕ್ಲೇಮು ವಿಭಾಗದವರು, ಬಿಜೈ, ಮಂಗಳೂರು

*

ಇದು ನಿಮಗೆ ತಾಗದು, ಕ್ಲೇಮೇ ತಿರಸ್ಕಾರವಾದವರಿಗೆ ಹೇಳುವುದು. ನವೆಂಬರ್ 4ರಂದು ಹುಟ್ಟಿದವರು ನಮ್ಮ ರೂಢಿಯಂತೆ 04/11 ಎಂದು ಬರೆದರೆ ಅಲ್ಲಿ ಅದು ಏಪ್ರಿಲ್ 11. ಹೆಸರಿನದೂ ಇದೇ ಗೋಳು: ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ವೀಸಾದಲ್ಲಿ 'ಎಫ್‌ಎನ್‌ಯು' (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ತಿಳಿಯದು) ಸೇರಿರುತ್ತದೆ. ವಿಮೆ ಕಾರ್ಡಿನಲ್ಲಿ ಇರುವಂತೆಯೇ ಕ್ಲಿನಿಕ್ ಫಾರ್ಮಿನಲ್ಲೂ ತುಂಬಬೇಕು. ಮೆಡಿಕಲ್ ಕಾರ್ಡು, ಡೆಂಟಲ್ ಕಾರ್ಡು ಬೇರೆ ಬೇರೆ, ಅದಲುಬದಲಾದರೂ ಕ್ಲೇಮು ವಾಪಸ್.

— ಕುಂದಾಪುರ

*

ಎರಡನೇ ಹಲ್ಲಿನ ವಿಚಾರ. ಕೆನ್ನೆ ಊದಿದ್ದರೆ, ಜ್ವರ ಇದ್ದರೆ, ಬಾಯಿ ತೆರೆಯಲು ಕಷ್ಟವಾದರೆ ಊರು, ವಿಮಾನ ಎಂದು ಯೋಚಿಸಬೇಡಿ, ಅಲ್ಲೇ ಹಲ್ಲು ತೆರೆದು ಕೀವು ತೆಗೆಸಬೇಕು. ಆಂಟಿಬಯೋಟಿಕ್ ನುಂಗಿ ದಿನ ದೂಡಿದರೆ ಸೋಂಕಿನ ಮೂಲ ಹಾಗೇ ಉಳಿಯುತ್ತದೆ. ಅವಸರ ಇಲ್ಲದಿದ್ದರೆ, ಹೇಗೂ ರಜೆಗೆ ಬರುವವಳಿದ್ದರೆ ಇಲ್ಲಿ ಮಾಡಿಸಬಹುದು. ಮಣಿಪಾಲ, ಮಂಗಳೂರು, ದೇರಳಕಟ್ಟೆಯಲ್ಲಿ ಡೆಂಟಲ್ ಕಾಲೇಜುಗಳಿವೆ. ಕ್ಯಾಪ್ ಲ್ಯಾಬಿನಿಂದ ಬಂದು ಕೂರುವ ತನಕ ಸೇರಿಸಿ ಎರಡು ಮೂರು ವಾರ ಕೈಯಲ್ಲಿರಲಿ. ವಿಶ್ವವಿದ್ಯಾಲಯ ಕೊಟ್ಟ ವಿದ್ಯಾರ್ಥಿ ದಾಖಲೆ ಐ-20ಯ ಪ್ರಯಾಣದ ಸಹಿ ವರ್ಷದೊಳಗಿನದೇ, ವೀಸಾ ಅವಧಿ ಇದೆಯೇ ನೋಡಿಕೊಳ್ಳಿ. ಹಲ್ಲಿಗೆ ಬಂದು ವೀಸಾಕ್ಕೆ ಸಿಕ್ಕಿಬೀಳುವುದು ಬೇಡ.

ಎಕ್ಸ್‌ರೇಯನ್ನು ಮೊಬೈಲಿನಲ್ಲಿ ಫೋಟೋ ಹೊಡೆದು ಕಳಿಸಬೇಡಿ, ಮೂಲ ಫೈಲೇ ಬೇಕು. ಹಲ್ಲಿನ ಸಂಖ್ಯೆ ಬಗ್ಗೆ ಜೋಪಾನ: ಅಲ್ಲಿ 1ರಿಂದ 32ರವರೆಗೆ ಎಣಿಸುತ್ತಾರೆ. ಅವರ 14 ಅಂದರೆ ಮೇಲಿನ ಎಡಗಡೆಯ ದವಡೆ ಹಲ್ಲು, ನಮ್ಮ ಚೀಟಿಯಲ್ಲಿ ಅದು 26. ನಮ್ಮ 14 ಮೇಲಿನ ಬಲಗಡೆಯದು, ಬೇರೆಯೇ ಹಲ್ಲು.

— ದಂತವೈದ್ಯೆ, ಮಣಿಪಾಲ

*

ಬಾಕಿ ಹಣಕ್ಕೆ ಬಡ್ಡಿಯಿಲ್ಲದ ಕಂತು ಕ್ಲಿನಿಕ್ಕಿನಲ್ಲೇ ಕೇಳಿ, ಬರವಣಿಗೆಯಲ್ಲಿ. ಕೌಂಟರಿನಲ್ಲಿ ಕೊಡುವ ವೈದ್ಯಕೀಯ ಕ್ರೆಡಿಟ್ ಕಾರ್ಡಿಗೆ ಬೇಗ ಸಹಿ ಹಾಕಬಾರದು: ಅಂಥ ಹಲವು ಕಾರ್ಡುಗಳಲ್ಲಿ ಅವಧಿಯೊಳಗೆ ಹತ್ತು ಡಾಲರ್ ಉಳಿದರೂ ಮೊದಲ ದಿನದಿಂದ ಬಡ್ಡಿ ಸುರಿಯುತ್ತದೆ. ಎರಡನೇ ಹಲ್ಲನ್ನು ವಿಮೆಗೆ ಹಾಕದೆ ಸ್ವಂತ ಹಣದಲ್ಲಿ ಮಾಡಿಸುವುದಾದರೆ 'ಗುಡ್ ಫೇತ್ ಎಸ್ಟಿಮೇಟ್' (ಖರ್ಚಿನ ಲಿಖಿತ ಅಂದಾಜು) ಕೇಳುವ ಹಕ್ಕು 2022ರಿಂದ ಇದೆ. ಬಿಲ್ಲು ಅದಕ್ಕಿಂತ 400 ಡಾಲರ್ ಅಥವಾ ಹೆಚ್ಚು ಮೀರಿದರೆ 120 ದಿನದೊಳಗೆ ತಕರಾರು ಹೂಡಬಹುದು. ಹತ್ತಿರದ ವಿಶ್ವವಿದ್ಯಾಲಯದಲ್ಲಿ ಡೆಂಟಲ್ ಸ್ಕೂಲ್ ಇದ್ದರೆ ಅಲ್ಲಿ ದರ ಕಡಿಮೆ, ಹೊತ್ತು ಜಾಸ್ತಿ.

— ಕಾಪು