ಜಡಿಮಳೆಯಲ್ಲಿ ಟೊಮೆಟೊ: ಎಲೆ ಬೆಂದಂತಾದರೆ, ಗಿಡ ಸೊರಗಿದರೆ, ಕಾಯಿ ಕೊಳೆತರೆ

ಪ್ರಶ್ನೆ (ಮುಳಬಾಗಿಲು): ಸರ್, ಒಂದು ಎಕರೆ ಟೊಮೆಟೊ, ನಾಟಿ ಮಾಡಿ 55 ದಿನ. ಐದು ದಿನದಿಂದ ಮೋಡ, ಸೋನೆ ಬಿಟ್ಟಿಲ್ಲ. ಎಲೆಯ ಅಂಚಲ್ಲಿ ಕಪ್ಪು ಮಚ್ಚೆ ಬಂದು ಎರಡೇ ದಿನಕ್ಕೆ ಎಲೆಯೆಲ್ಲ ಬೇಯಿಸಿದ ಸೊಪ್ಪಿನ ಹಾಗಾಗ್ತಿದೆ. ಕಾಂಡದ ಮೇಲೂ ಕಂದು ಪಟ್ಟೆ. ಕಾರ್ಬೆಂಡಜಿಮ್ ಎರಡು ಸಲ ಹೊಡೆದಾಯ್ತು, ನಿಲ್ತಿಲ್ಲ. ಡೋಸ್ ಜಾಸ್ತಿ ಮಾಡಲಾ?

ಉತ್ತರ (ಸಸ್ಯರೋಗ ತಜ್ಞರು): ಜಾಸ್ತಿ ಮಾಡಬೇಡಿ. ಎಷ್ಟು ಹಾಕಿದರೂ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಇದಕ್ಕೆ ನಾಟುವುದಿಲ್ಲ. ನೀವು ಹೇಳುತ್ತಿರುವುದು ಕೊನೆ ಅಂಗಮಾರಿಯ ಲಕ್ಷಣ. ಇದನ್ನು ತರುವ ಫೈಟಾಫ್ತೊರಾ ನಿಜವಾದ ಶಿಲೀಂಧ್ರವೇ ಅಲ್ಲ, ನೀರಿನ ಬೂಷ್ಟಿನ ಜಾತಿಗೆ ಸೇರಿದ್ದು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ನುಂಗಿ ಕ್ಷಾಮ ತಂದದ್ದೂ ಇದೇ. ಕಾರ್ಬೆಂಡಜಿಮ್ ಕೆಲಸ ಮಾಡುವ ಜಾಗ ಇದರ ಜೀವಕೋಶದಲ್ಲಿ ಬೇರೆ ರೀತಿ ಇದೆ, ಆದ್ದರಿಂದ ಔಷಧಿ ಅಲ್ಲಿ ಕೂರುವುದಿಲ್ಲ. ನಿಮ್ಮ ಎರಡು ಸ್ಪ್ರೇ ಹಣವೂ ದಿನವೂ ಅದಕ್ಕೇ ವ್ಯರ್ಥವಾಗಿವೆ.

ಮೊದಲು ಖಾತ್ರಿ ಮಾಡಿಕೊಳ್ಳಿ. ಬೆಳಗ್ಗೆ ಆರೂವರೆಯೊಳಗೆ, ಎಲೆ ಇನ್ನೂ ಒದ್ದೆಯಿರುವಾಗ, ಮಚ್ಚೆ ಬಿದ್ದ ಎಲೆ ತಿರುಗಿಸಿ ನೋಡಿ. ಮಚ್ಚೆಯ ಅಂಚಿನ ಸುತ್ತ ಹತ್ತಿಯ ಧೂಳಿನಂಥ ಬಿಳಿ ಬೂಷ್ಟು ಇದ್ದರೆ ಕೊನೆ ಅಂಗಮಾರಿಯೇ. ಬಿಸಿಲೇರಿದ ಮೇಲೆ ಅದು ಒಣಗಿ ಕಾಣುವುದಿಲ್ಲ. ಹತ್ತು ಗಂಟೆಗೆ ನೋಡಿ 'ಏನೂ ಇಲ್ಲ' ಅನ್ನುವವರು ಬಹಳ. ಬೂಷ್ಟು ಕಾಣದಿದ್ದರೆ ನಾಲ್ಕೈದು ಎಲೆಯನ್ನು ಒದ್ದೆ ಪೇಪರ್ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ರಾತ್ರಿಯಿಡೀ ತಣ್ಣನೆ ಜಾಗದಲ್ಲಿ ಇಡಿ, ಬೆಳಗ್ಗೆ ಮೂಡಿರುತ್ತದೆ. ಇದೇ ಎಂದು ತಪ್ಪಾಗಿ ತಿಳಿಯಬಹುದಾದ ಇನ್ನೊಂದು ರೋಗ ಮೊದಲ ಅಂಗಮಾರಿ. ಅದು ಬುಡದ ಹಳೆ ಎಲೆಯಿಂದ ಶುರುವಾಗುತ್ತದೆ. ಮಚ್ಚೆಯೊಳಗೆ ಮರ ಕೊಯ್ದಾಗ ಕಾಣುವಂಥ ಸುತ್ತುಗಳಿರುತ್ತವೆ, ಸುತ್ತ ಹಳದಿ, ನಡೆ ನಿಧಾನ.

ಕೊನೆ ಅಂಗಮಾರಿಯಾದರೆ ಈಗಲೇ ಮಾಡಬೇಕಾದದ್ದು: ಸೈಮೊಕ್ಸಾನಿಲ್ 8% + ಮ್ಯಾಂಕೊಜೆಬ್ 64% ಪುಡಿ, ಲೀಟರಿಗೆ 3 ಗ್ರಾಂ. ಈ ವಯಸ್ಸಿನ ಗಿಡಕ್ಕೆ ಎಕರೆಗೆ 200 ಲೀಟರ್ ನೀರು ಬೇಕು, ಅಂದರೆ 600 ಗ್ರಾಂ. ನೂರು ಲೀಟರಿನಲ್ಲಿ ಎಕರೆ ಮುಗಿಸಿದರೆ ಎಲೆಯ ಅಡಿಗೆ ಔಷಧಿ ತಲುಪಿರುವುದೇ ಇಲ್ಲ, ರೋಗ ಕೂತಿರುವುದು ಅಲ್ಲೇ. ನಾಜಲ್ ಮೇಲ್ಮುಖವಾಗಿ ಹಿಡಿದು ಕೆಳಗಿನಿಂದ ಹೊಡೆಯಿರಿ. ಐದಾರು ದಿನ ಬಿಟ್ಟು ಎರಡನೆಯದು ಅಜಾಕ್ಸಿಸ್ಟ್ರೋಬಿನ್ 23 ಎಸ್‌ಸಿ (23% ಇರುವ ದ್ರವ), ಲೀಟರಿಗೆ 1 ಮಿಲಿ. ಅದರ ಹಿಂದೆಯೇ ಫ್ಯಾಮೊಕ್ಸಡೋನ್ ಇರುವ ಔಷಧಿ ತರಬೇಡಿ. ಹೆಸರು ಬೇರೆಯಾದರೂ ಎರಡೂ ಒಂದೇ ಗುಂಪು, ಬೆನ್ನುಬೆನ್ನಿಗೆ ಹೊಡೆದರೆ ರೋಗ ಅದಕ್ಕೆ ಒಗ್ಗಿಬಿಡುತ್ತದೆ.

ಮೆಟಲಾಕ್ಸಿಲ್ ಇರುವುದನ್ನು ಹೊಡೆಯಿರಿ ಎಂದು ಅಂಗಡಿಯಲ್ಲಿ ಹೇಳಬಹುದು. 2009–10ರಲ್ಲಿ ದಕ್ಷಿಣ ಭಾರತದ ಟೊಮೆಟೊ ತೋಟಗಳಲ್ಲಿ ಈ ರೋಗ ಉಗ್ರವಾದದ್ದು ರೋಗಾಣುವಿನ 13ಎ2 ಎಂಬ ತಳಿಯಿಂದ. ಅದು ಮೆಟಲಾಕ್ಸಿಲ್‌ಗೆ ಜಗ್ಗುವುದಿಲ್ಲ. ರೋಗ ಹತ್ತಿದ ತೋಟದಲ್ಲಿ ಅದನ್ನೇ ನಂಬಿ ಕೂರುವುದು ಅಪಾಯ.

ಯೂರಿಯಾ, 19:19:19 ಗೊಬ್ಬರ ಎರಡನ್ನೂ ಹತ್ತು ದಿನ ನಿಲ್ಲಿಸಿ. ಮೆದು ಚಿಗುರು ಈ ರೋಗಕ್ಕೆ ಮೊದಲ ತುತ್ತು.

ಪ್ರಶ್ನೆ (ಅದೇ ರೈತರು): ಮಳೆ ಬಿಡ್ತಾನೇ ಇಲ್ಲ ಸರ್. ಹೊಡೆದ ಮೇಲೆ ತೊಳೆದು ಹೋದ್ರೆ?

ಉತ್ತರ: ಎಲೆ ಮೇಲಿನ ನೀರು ಆರಿ, ಮುಂದೆ ಎರಡು ಮೂರು ಗಂಟೆ ಬಿಡುವು ಕಂಡಾಗ ಹೊಡೆಯಿರಿ. ಒದ್ದೆ ಎಲೆಯ ಮೇಲೆ ಹೊಡೆದರೆ ಔಷಧಿ ತೆಳುವಾಗಿ ಹರಿದು ಹೋಗುತ್ತದೆ. ಸ್ಟಿಕರ್ (ಔಷಧಿಯನ್ನು ಎಲೆಗೆ ಅಂಟಿಸುವ ದ್ರವ) ಲೀಟರಿಗೆ ಅರ್ಧ ಮಿಲಿ ಸಾಕು, ಜಾಸ್ತಿಯಾದರೆ ಔಷಧಿಯೇ ಎಲೆಯಿಂದ ಇಳಿದು ಹೋಗುತ್ತದೆ. ಹೊಡೆದ ಅರ್ಧ ಗಂಟೆಯಲ್ಲೇ ಜೋರು ಮಳೆ ಬಂದರೆ ಅದು ಲೆಕ್ಕಕ್ಕಿಲ್ಲ, ಎಲೆ ಆರಿದ ಕೂಡಲೇ ಮತ್ತೆ ಹೊಡೆಯಬೇಕು. ಹಣ್ಣಾದದ್ದನ್ನು ಸ್ಪ್ರೇಗೆ ಮುಂಚೆ ಕಿತ್ತುಬಿಡಿ. ಆಮೇಲಿನ ಕೊಯ್ಲಿಗೆ ಲೇಬಲ್ ಮೇಲೆ ಬರೆದಷ್ಟು ದಿನ ಕಾಯಲೇಬೇಕು. ಮಾರುಕಟ್ಟೆ ದರ ಏರಿದೆ ಎಂದು ಇದರಲ್ಲಿ ರಾಜಿ ಬೇಡ, ತಿನ್ನುವವರು ಮಕ್ಕಳೂ ಇರುತ್ತಾರೆ.

ರೋಗ ಕಾಂಡಕ್ಕೇ ಸುತ್ತಿಕೊಂಡ ಗಿಡ ಉಳಿಯುವುದಿಲ್ಲ. ಮಧ್ಯಾಹ್ನ ಎಲೆ ಒಣಗಿರುವಾಗ ಕಿತ್ತು, ಚೀಲದಲ್ಲಿ ತುಂಬಿ ಹೊರಗೆ ಹೂಳಿ. ಒದ್ದೆಯಲ್ಲಿ ಸಾಲೊಳಗೆ ಓಡಾಡಿದರೆ ಬಟ್ಟೆ, ಕೈ ಮೂಲಕ ನೀವೇ ಹರಡಿದ ಹಾಗೆ. ಬದುವಿನ ಮೇಲೆ ಗುಡ್ಡೆ ಹಾಕಿ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು.

ಪ್ರಶ್ನೆ (ಚಿಂತಾಮಣಿ): ನಮ್ಮಲ್ಲಿ ಎಲೆಗೆ ಏನೂ ಆಗಿಲ್ಲ ಮೇಡಂ. ಹಸಿರಾಗಿದ್ದ ಗಿಡ ಮಧ್ಯಾಹ್ನ ಜೋಲು ಬೀಳುತ್ತೆ, ಸಂಜೆ ಎದ್ದಂತೆ ಕಾಣುತ್ತೆ, ಮೂರನೇ ದಿನ ಸತ್ತೇ ಹೋಗುತ್ತೆ. ನೀರು ಹರಿಯುವ ಕಡೆಗೇ ಸಾಲಾಗಿ ಹೋಗ್ತಿದೆ.

ಉತ್ತರ (ತೋಟಗಾರಿಕೆ ಅಧಿಕಾರಿ): ನೀರು ಹರಿಯುವ ಕಡೆಗೇ ಸಾಯುತ್ತಿವೆ ಎಂದದ್ದೇ ದೊಡ್ಡ ಸುಳಿವು. ಬುಡದ ಹತ್ತಿರ ಕಾಂಡದ ಐದಾರು ಸೆಂಟಿಮೀಟರ್ ಉದ್ದದ ತುಂಡನ್ನು ಓರೆಯಾಗಿ ಕತ್ತರಿಸಿ, ಸ್ವಚ್ಛ ನೀರು ತುಂಬಿದ ಗಾಜಿನ ಲೋಟದಲ್ಲಿ ತುದಿ ಮುಳುಗುವಂತೆ ದಾರ ಕಟ್ಟಿ ಇಳಿಬಿಡಿ. ಅಲುಗಾಡಿಸಬೇಡಿ. ಐದು ನಿಮಿಷದೊಳಗೆ ಹಾಲಿನ ಎಳೆಯಂತೆ ಬಿಳಿ ದ್ರವ ಕೆಳಗಿಳಿದರೆ ಅದು ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗ. ಎಳೆ ಬಾರದೆ, ಸೀಳಿದ ಕಾಂಡದೊಳಗೆ ಕಂದು ಗೆರೆ ಮಾತ್ರ ಇದ್ದು, ಸಾಯುವ ಮುಂಚೆ ಕೆಳಗಿನ ಎಲೆ ಹಳದಿಯಾಗಿದ್ದರೆ ಫ್ಯುಸೇರಿಯಂ ಎಂಬ ಶಿಲೀಂಧ್ರದ ಸೊರಗು.

ದುಂಡಾಣುವಾದರೆ, ಹತ್ತಿದ ಗಿಡವನ್ನು ಉಳಿಸುವ ಔಷಧಿ ಇಲ್ಲ. ಕಷ್ಟವಾದರೂ ನೇರವಾಗಿ ಹೇಳುತ್ತೇನೆ, ಯಾರೋ ಕೊಟ್ಟ ಪುಡಿಗೆ ದುಡ್ಡು ಹಾಕಬೇಡಿ. ಸ್ಟ್ರೆಪ್ಟೋಸೈಕ್ಲಿನ್ ಅಂತೂ ಮುಟ್ಟಬೇಡಿ. ಅದರಲ್ಲಿರುವ ಸ್ಟ್ರೆಪ್ಟೋಮೈಸಿನ್ + ಟೆಟ್ರಾಸೈಕ್ಲಿನ್ ಆ್ಯಂಟಿಬಯಾಟಿಕ್ ಮಿಶ್ರಣವನ್ನು ಕೃಷಿಯಲ್ಲಿ ಬಳಸುವುದು 2024ರ ಜನವರಿಯಿಂದ ನಿಷೇಧವಾಗಿದೆ. ಸತ್ತ ಗಿಡವನ್ನು ಬೇರಿನ ಮಣ್ಣು ಸಮೇತ ಚೀಲಕ್ಕೆ ಹಾಕಿ ಹೊರಗೆ ಒಯ್ಯಿರಿ, ಆ ಗುಂಡಿಗೆ ಸುಣ್ಣ ಹಾಕಿ. ಆ ಸಾಲಿನ ನೀರು ಮುಂದಿನ ಸಾಲಿಗೆ ಹೋಗದಂತೆ ಮಣ್ಣು ಕಟ್ಟಿ, ಕಾಲುವೆ ಹೊರಗೆ ತಿರುಗಿಸಿ. ಕಳೆ ಕುಡುಗೋಲನ್ನು ತೊಳೆಯದೆ ಬೇರೆ ಸಾಲಿಗೆ ಒಯ್ಯಬೇಡಿ. ಕೆದಕಿ ಬೇರಿಗೆ ಗಾಯ ಮಾಡಿದರೆ ಅದೇ ಇದಕ್ಕೆ ಬಾಗಿಲು.

ಆ ಜಮೀನಿಗೆ ಎರಡು ಮೂರು ವರ್ಷ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಬೇಡ. ರಾಗಿ, ಜೋಳ ಹಾಕಿ. ಆಮೇಲೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ರಕ್ಷಕ್ ಅಥವಾ ಅರ್ಕ ಅಭೇದ್ ಎಂಬ ಟೊಮೆಟೊ ತಳಿ ನೋಡಿ, ಎರಡಕ್ಕೂ ದುಂಡಾಣು ಸೊರಗು ತಡೆಯುವ ಗುಣವಿದೆ. ಅಭೇದ್‌ಗೆ ಕೊನೆ ಅಂಗಮಾರಿ ತಡೆಯುವ ಶಕ್ತಿಯೂ ಇದೆ. ಕಾಡು ಬದನೆಯ ಬೇರಿಗೆ ಕಸಿ ಮಾಡಿದ ಸಸಿ ನರ್ಸರಿಯಲ್ಲಿ ಸಿಕ್ಕರೆ ಅದೂ ಒಳ್ಳೆಯ ದಾರಿ.

ಪ್ರಶ್ನೆ (ಬೆಂಗಳೂರು): ತಾರಸಿ ಮೇಲೆ ಹನ್ನೆರಡು ಕುಂಡ ಇವೆ. ಅಂಗಡಿ ಔಷಧಿ ಬೇಡ ಅನ್ನಿಸುತ್ತೆ. ಬೋರ್ಡೋ ದ್ರಾವಣ ಸಾಕಾ? ಮನೇಲಿ ಹೇಗೆ ಮಾಡೋದು?

ಉತ್ತರ (ಸಸ್ಯರೋಗ ತಜ್ಞರು): ರೋಗ ಬರುವ ಮುಂಚೆ ಹೊಡೆದರೆ ಸಾಕು, ಬಂದ ಮೇಲೆ ಇದು ಒಳಗಿರುವುದನ್ನು ಕೊಲ್ಲುವುದಿಲ್ಲ. 10 ಲೀಟರಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) 100 ಗ್ರಾಂ, ಹೊಸ ಸುಟ್ಟ ಸುಣ್ಣ 100 ಗ್ರಾಂ. ಎರಡು ಪ್ಲಾಸ್ಟಿಕ್ ಬಕೆಟಿನಲ್ಲಿ ತಲಾ ಐದು ಲೀಟರ್ ನೀರಿಗೆ ಬೇರೆ ಬೇರೆ ಕರಗಿಸಿ. ಲೋಹದ ಪಾತ್ರೆ ಬೇಡ. ಸುಣ್ಣ ನೀರಿಗೆ ಬಿದ್ದಾಗ ಕುದಿಯುತ್ತದೆ, ಮುಖ ದೂರವಿಡಿ. ತಣ್ಣಗಾದ ಮೇಲೆ ಬಟ್ಟೆಯಲ್ಲಿ ಸೋಸಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಿ. ಉಜ್ಜಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ; ಕೆಂಪು ತಾಮ್ರ ಹತ್ತಿದರೆ ಇನ್ನಷ್ಟು ಸುಣ್ಣ ಬೇಕು, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಅಂದೇ ಬಳಸಿ ಮುಗಿಸಿ, ಬೇರೆ ಔಷಧಿ ಬೆರೆಸಬೇಡಿ. ಎಳೆ ಸಸಿಗೆ ಇದು ಖಾರ. ಸಾಧ್ಯವಿದ್ದರೆ ಕುಂಡಗಳನ್ನು ಮಳೆ ಬೀಳದ ಸೂರಿನ ಕೆಳಗೆ ಸರಿಸಿ. ಎಲೆ ಒಣಗಿದ್ದರೆ ಅರ್ಧ ರೋಗ ಬರುವುದೇ ಇಲ್ಲ.

ಪ್ರಶ್ನೆ (ಶ್ರೀನಿವಾಸಪುರ): ನೆಲಕ್ಕೆ ತಾಗಿದ ಕಾಯಿ ಮಾತ್ರ ಕೊಳೀತಿವೆ, ಕಂದು ಬಣ್ಣದ ಸುತ್ತು ಸುತ್ತು.

ಉತ್ತರ (ತೋಟಗಾರಿಕೆ ಅಧಿಕಾರಿ): ಅದೂ ಫೈಟಾಫ್ತೊರಾದ ಇನ್ನೊಂದು ಜಾತಿಯೇ, ಮಣ್ಣಿನಿಂದ ಹನಿ ಸಿಡಿದು ಹತ್ತುವುದು. ಕೋಲು ದಾರ ಬಿಗಿಯಾಗಿ ಎತ್ತಿ ಕಟ್ಟಿ, ಬುಡದಿಂದ ಒಂದು ಗೇಣು ಎತ್ತರದವರೆಗೆ ಎಲೆ ಸವರಿ, ಮಲ್ಚಿಂಗ್ ಪೇಪರ್ ಇಲ್ಲದಿದ್ದರೆ ಒಣ ಹುಲ್ಲಾದರೂ ಹಾಸಿ. ಕೊಳೆತ ಕಾಯಿ ಸಾಲಲ್ಲಿ ಬಿಡಬೇಡಿ. ಮ್ಯಾಂಕೊಜೆಬ್ ಲೀಟರಿಗೆ 2.5 ಗ್ರಾಂ, ಬುಡದ ಕಾಯಿಗೊಂಚಲಿಗೆ ತಲುಪುವ ಹಾಗೆ.