‘ಪತಿತೆ’ ಬೇಡ, ಬೇರೆ ಯಾವ ಪದ ಹಾಕಲಿ?

ಏಂಜೆಲಾ ಬರ್ಡೆಟ್-ಕೂಟ್ಸ್ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ನಿಂತುಬಿಟ್ಟಿದ್ದೇನೆ. ಬಲ್ಲವರು ದಯವಿಟ್ಟು ಹೇಳಿ.

ಈಕೆ ಲಂಡನ್ನಿನ ಕೂಟ್ಸ್ ಬ್ಯಾಂಕಿನ ಮನೆತನದವರು. 1837ರಲ್ಲಿ, 23ನೇ ವಯಸ್ಸಿಗೆ, ತಾತನ ದೊಡ್ಡ ಆಸ್ತಿ ಕೈಗೆ ಬಂತು. ಅಲ್ಲಿಂದ 1906ರಲ್ಲಿ ಸಾಯುವ ತನಕ ದಾನ ಕೊಡುತ್ತಲೇ ಇದ್ದರು. ನನ್ನ ಲೇಖನಕ್ಕೆ ಮುಖ್ಯವಾದದ್ದು 1847ರಲ್ಲಿ ಲಂಡನ್ನಿನ ಶೆಫರ್ಡ್ಸ್ ಬುಷ್‌ನಲ್ಲಿ ಅವರು ತೆರೆದ ಯುರೇನಿಯಾ ಕಾಟೇಜ್ ಎಂಬ ಹುಡುಗಿಯರ ಆಶ್ರಯಮನೆ. ಖರ್ಚು ಇವರದು, ಓಡಾಟ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಅವರದು. ಹುಡುಗಿಯರಿಗೆ ಓದು ಬರಹ, ಅಡುಗೆ, ಹೊಲಿಗೆ ಕಲಿಸಿ, ಆಸ್ಟ್ರೇಲಿಯಾ ಮುಂತಾದ ಕಡೆ ಹೊಸ ಬದುಕಿಗೆ ಹಡಗು ಹತ್ತಿಸುತ್ತಿದ್ದರು.

ಇಂಗ್ಲಿಷ್ ಪುಸ್ತಕಗಳು ಈ ಹುಡುಗಿಯರನ್ನು ‘ಫಾಲನ್ ವಿಮೆನ್’ ಅನ್ನುತ್ತವೆ. ನಿಘಂಟು ತೆಗೆದರೆ ‘ಪತಿತೆ’. ಅರ್ಥ ಸರಿ, ಆದರೆ ನನಗೆ ಬರೆಯಲು ಮನಸ್ಸು ಒಪ್ಪುತ್ತಿಲ್ಲ. ‘ಪತಿತೆ’ ಅಂದ ಕೂಡಲೇ ಓದುವವರಿಗೆ ಬೀದಿ ಬದುಕು ಒಂದೇ ಕಣ್ಣಿಗೆ ಬರುತ್ತದೆ. ಅಲ್ಲಿದ್ದವರೋ ಬೇರೆ ಬೇರೆ ಥರ. ಹೊಲಿಗೆಯಿಂದ ಹೊಟ್ಟೆ ತುಂಬದವರು, ಬಾಡಿಗೆ ಕೋಣೆಯ ಸಾಮಾನು ಕದ್ದವರು, ಸಾಯಲು ಹೋಗಿ ಪೊಲೀಸರ ಕೈಗೆ ಸಿಕ್ಕವರು, ಮೋಸಹೋದ ಮನೆಗೆಲಸದ ಹುಡುಗಿಯರು.

ಇನ್ನೊಂದು ಕಾರಣವೂ ಇದೆ. ಅಲ್ಲಿಗೆ ಬಂದ ಹುಡುಗಿ ತನ್ನ ಕಥೆಯನ್ನು ಡಿಕನ್ಸ್ ಮುಂದೆ ಹೇಳಬೇಕಿತ್ತು. ಅವರು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಆಮೇಲೆ ಆ ಮಾತು ಎತ್ತುವಂತಿಲ್ಲ. ಜೊತೆಯ ಹುಡುಗಿಯರಿಗೆ ಹೇಳುವಂತಿಲ್ಲ, ಮೇಲ್ವಿಚಾರಕಿಯರಿಗೂ ಗೊತ್ತಾಗಬಾರದು. ಬಟ್ಟೆ ಕೂಡ ಜೈಲಿನ ನೆನಪು ತರದ ಹಾಗೆ ಬಣ್ಣದ್ದಾಗಿರಲಿ ಅನ್ನುವುದು ಡಿಕನ್ಸ್ ಹಟ. ಅಷ್ಟು ಜೋಪಾನವಾಗಿ ಮುಚ್ಚಿಟ್ಟದ್ದನ್ನು ನಾನು ಸಾಲು ಸಾಲಿಗೂ ‘ಪತಿತೆ’ ಅಂತ ಬರೆದು ಬಯಲು ಮಾಡುವುದು ತಪ್ಪಲ್ವಾ?

ನನಗೆ ಹೊಳೆದವು ಇವು. ‘ದಾರಿ ತಪ್ಪಿದವರು’: ಮಾತಿಗೆ ಸಲೀಸು, ಆದರೆ ತಪ್ಪೆಲ್ಲ ಹುಡುಗಿಯ ತಲೆಗೇ ಬರುತ್ತದೆ. ‘ಅಬಲೆ’: ಖಂಡಿತ ಬೇಡ. ಜಗಳ ಮಾಡಿ, ಬೇಲಿ ಹಾರಿ ಓಡಿಹೋದವರೂ ಇದ್ದರು! ‘ಸಂತ್ರಸ್ತೆ’ ಈಗ ಪೂರ್ತಿ ಪೊಲೀಸ್ ಸುದ್ದಿಯ ಪದ. ‘ನೊಂದ ಹೆಣ್ಣುಮಕ್ಕಳು’ ಪರವಾಗಿಲ್ಲ, ಸ್ವಲ್ಪ ಭಾಷಣದ ಹಾಗೆ ಕೇಳುತ್ತದೆ.

1853ರ ತಮ್ಮ ಲೇಖನದಲ್ಲಿ ಡಿಕನ್ಸ್ ಇದನ್ನು ಮನೆಯಿಲ್ಲದ ಹೆಂಗಸರ ಮನೆ ಎಂದೇ ಕರೆದರು. ಆದರೆ ನಮ್ಮಲ್ಲಿ ‘ಮನೆ ಇಲ್ಲದವರು’ ಅಂದರೆ ಸೈಟು, ಸ್ವಂತ ಮನೆಯ ಮಾತಾಗುತ್ತದೆ. ಹಾಗಾಗಿ ‘ದಿಕ್ಕಿಲ್ಲದ ಹುಡುಗಿಯರು’ ಅಂತ ಬರೆಯೋಣ ಅನ್ನಿಸಿದೆ. ಕದ್ದವಳಿಗೂ ಸರಿ, ಮೋಸಹೋದವಳಿಗೂ ಸರಿ. ಒಂದೇ ಅನುಮಾನ: ನಿಮ್ಮ ಕಡೆ ‘ದಿಕ್ಕಿಲ್ಲದವರು’ ಅಂದರೆ ಅಪ್ಪ ಅಮ್ಮ ಇಲ್ಲದವರು ಅಂತ ಮಾತ್ರ ತಿಳಿಯುತ್ತಾರಾ? ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ಹೇಳಿದರೆ ಉಪಕಾರ. ಹಳೆಯ ಕನ್ನಡ ಪತ್ರಿಕೆಗಳಲ್ಲಿ ಇದಕ್ಕಿಂತ ಒಳ್ಳೆಯ ಪದ ಕಂಡಿದ್ದರೆ, ಅದು ಬಂದ ವಾಕ್ಯದ ಸಮೇತ ತಿಳಿಸಿ.