ಸೋಯಾ ಪ್ರತಿಬಂಧಕಕ್ಕೆ ಜಗ್ಗದ ಮಾನವ ಟ್ರಿಪ್ಸಿನ್: ತಪ್ಪು ಎಲ್ಲಿದೆ?

ಪ್ರಶ್ನೆ – ಆಹಾರ ವಿಜ್ಞಾನದ ಸಂಶೋಧನಾ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಹಸಿ ಮತ್ತು ಬೇಯಿಸಿದ ಸೋಯಾಬೀನ್‌ಗಳಲ್ಲಿ ಟ್ರಿಪ್ಸಿನ್ ಪ್ರತಿಬಂಧಕ (ಪ್ರೋಟೀನ್ ಕತ್ತರಿಸುವ ಜೀರ್ಣಕಿಣ್ವವಾದ ಟ್ರಿಪ್ಸಿನ್ನನ್ನು ತಡೆಯುವ ಪ್ರೋಟೀನ್) ಎಷ್ಟು ಉಳಿದಿರುತ್ತದೆ ಎಂಬುದನ್ನು ಅಳೆಯುತ್ತಿದ್ದೇನೆ. ಇಷ್ಟು ದಿನ ದನದ ಟ್ರಿಪ್ಸಿನ್ ಬಳಸುತ್ತಿದ್ದೆ. ಮನುಷ್ಯರ ಆಹಾರದ ಪ್ರಶ್ನೆಯಾದ್ದರಿಂದ ಮಾನವ ಕಿಣ್ವವೇ ಇರಲಿ ಎಂದು ಮಾರ್ಗದರ್ಶಕರು ಹೇಳಿದ ಮೇಲೆ ಮರುಸಂಯೋಜಿತ (ಮಾನವ ಜೀನನ್ನು ಬೇರೆ ಜೀವಕೋಶಗಳಿಗೆ ಸೇರಿಸಿ ತಯಾರಿಸಿದ) ಮಾನವ ಟ್ರಿಪ್ಸಿನ್ ತರಿಸಿದೆವು. ಟ್ರಿಪ್ಸಿನ್ ಕತ್ತರಿಸಿದಾಗ ಹಳದಿ ಬಣ್ಣ ಕೊಡುವ ಬಾಪ್ನಾ ಸಬ್‌ಸ್ಟ್ರೇಟ್‌ನೊಂದಿಗೆ ಬಣ್ಣ ಚೆನ್ನಾಗಿಯೇ ಬರುತ್ತದೆ, ಅದನ್ನಳೆಯುವ 405 ನ್ಯಾನೊಮೀಟರ್ ಓದು ಸರಿಯಾಗಿದೆ. ಆದರೆ ದನದ ಟ್ರಿಪ್ಸಿನ್ನನ್ನು ಪೂರ್ತಿ ತಡೆಯುವಷ್ಟು ಶುದ್ಧ ಸೋಯಾ ಪ್ರತಿಬಂಧಕವನ್ನು ಹಾಕಿದರೂ ಇದು ಜಗ್ಗುತ್ತಿಲ್ಲ. ಪ್ರತಿಬಂಧಕ ಕೆಟ್ಟಿದೆಯೇ?

ಉತ್ತರ 1

ಅದೇ ಶೀಶೆಯ ಪ್ರತಿಬಂಧಕ ದನದ ಟ್ರಿಪ್ಸಿನ್ನನ್ನು ಇಂದಿಗೂ ತಡೆಯುತ್ತಿದ್ದರೆ ಅದು ಕೆಟ್ಟಿಲ್ಲ. ನೀವು ಕಿಣ್ವವನ್ನು ಕರಗಿಸಿ ಇಟ್ಟಿದ್ದು ಯಾವುದರಲ್ಲಿ? ಪಿಹೆಚ್ 8ರ ಬಫರಿನಲ್ಲಿ ಟ್ರಿಪ್ಸಿನ್ ತನ್ನನ್ನು ತಾನೇ ಕತ್ತರಿಸಿಕೊಳ್ಳುತ್ತದೆ. 1 ಮಿಲಿಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿಟ್ಟು, ಪ್ರಯೋಗದ ಹೊತ್ತಿಗಷ್ಟೇ ಬಫರಿಗೆ ಸೇರಿಸಿ.

ಉತ್ತರ 2

ಮೇಲಿನ ಸಲಹೆ ಒಳ್ಳೆಯದೇ, ಆದರೆ ಈ ಲಕ್ಷಣಕ್ಕೆ ಅದು ಕಾರಣವಾಗಲಾರದು, ಏಕೆಂದರೆ ಸ್ವಯಂಛೇದನವಾಗಿದ್ದರೆ ಬಾಪ್ನಾ ಓದೂ ಇಳಿಯಬೇಕಿತ್ತು. ಶೀಶೆಯ ಮೇಲಿನ ಜೀನ್ ಹೆಸರನ್ನು ನೋಡಿ. ಪಿಆರ್‌ಎಸ್‌ಎಸ್1 ಎಂದರೆ ಮೇದೋಜೀರಕ ಗ್ರಂಥಿಯ ಮುಖ್ಯ ಟ್ರಿಪ್ಸಿನ್. ಪಿಆರ್‌ಎಸ್‌ಎಸ್3 ಎಂದಿದ್ದರೆ ಅದು ಮೀಸೋಟ್ರಿಪ್ಸಿನ್. ಈ ಎರಡನೆಯದರಲ್ಲಿ ಸಾಮಾನ್ಯವಾಗಿ ಗ್ಲೈಸಿನ್ ಇರಬೇಕಾದ 198ನೆಯ ಸ್ಥಾನದಲ್ಲಿ ಆರ್ಜಿನೀನ್ ಕೂತಿದೆ. (ಕೈಮೊಟ್ರಿಪ್ಸಿನ್ ಎಂಬ ಸಂಬಂಧಿ ಕಿಣ್ವದ ಎಣಿಕೆಯಲ್ಲಿ ಅದೇ ಸ್ಥಾನ 193, ಎರಡು ಲೇಖನಗಳನ್ನು ಅಕ್ಕಪಕ್ಕ ಇಟ್ಟು ಓದುವವರು ಇಲ್ಲಿ ಎಡವುವುದುಂಟು.) ಆ ಉದ್ದನೆಯ ಪಾರ್ಶ್ವಸರಪಳಿಯಿಂದಾಗಿ ದೊಡ್ಡ ಪ್ರತಿಬಂಧಕ ಅಣು ಬಿಗಿಯಾಗಿ ಕೂರುವುದಿಲ್ಲ; ಬಾಪ್ನಾದಂಥ ಪುಟ್ಟ ಅಣುವಿಗೆ ಅದರಿಂದ ಅಡ್ಡಿಯಿಲ್ಲ. ಅಷ್ಟೇ ಅಲ್ಲ, ಈ ಕಿಣ್ವ ಸೋಯಾ ಪ್ರತಿಬಂಧಕವನ್ನೇ ಕತ್ತರಿಸುತ್ತದೆ ಎಂದು 2003ರಲ್ಲಿ ತೋರಿಸಲಾಯಿತು. ಜೀರ್ಣನಾಳದಲ್ಲಿ ಇದರ ಕೆಲಸವೇ ಅದಿರಬೇಕು ಎಂಬ ಊಹೆಯೂ ಇದೆ, ನನಗಂತೂ ಅದು ಒಪ್ಪುವ ಮಾತು.

ಉತ್ತರ 3

ಪ್ರತಿಬಂಧಕ ಕತ್ತರಿಸಿಹೋಗುವುದನ್ನು ಜೆಲ್ (ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಪದರ) ಮೇಲೆ ಕಣ್ಣಾರೆ ನೋಡಬಹುದು. ಕಿಣ್ವವನ್ನೂ ಪ್ರತಿಬಂಧಕವನ್ನೂ ಬೆರೆಸಿ, ಬೇರೆ ಬೇರೆ ಸಮಯಕ್ಕೆ ಮಾದರಿ ತೆಗೆದು ಓಡಿಸಿ. ಒಂದು ಎಚ್ಚರಿಕೆ: ಪ್ರತಿಬಂಧಕದಲ್ಲಿ ಛೇದ ಬೀಳುವುದು 63 ಮತ್ತು 64ನೆಯ ಅಮೈನೋ ಆಮ್ಲಗಳ ನಡುವೆ, ಆದರೆ 39 ಮತ್ತು 86ನೆಯ ಸಿಸ್ಟೀನ್‌ಗಳ ಗಂಧಕ ಬಂಧ ಎರಡೂ ತುಂಡುಗಳನ್ನು ಹಿಡಿದಿಟ್ಟಿರುತ್ತದೆ. ಆ ಬಂಧವನ್ನು ಬಿಡಿಸುವ ಮರ್ಕ್ಯಾಪ್ಟೋಎಥನಾಲ್ ಹಾಕದೆ ಓಡಿಸಿದರೆ ಏನೂ ಆಗಿಲ್ಲವೆಂಬಂತೆ ಒಂದೇ ಪಟ್ಟಿ ಕಾಣುತ್ತದೆ. ಹಾಕಿ ಕುದಿಸಿದರೆ 20 ಕಿಲೋಡಾಲ್ಟನ್ನಿನ ಪಟ್ಟಿ ಕರಗುತ್ತಾ ಸುಮಾರು 13 ಮತ್ತು 7ರ ಪಟ್ಟಿಗಳು ಮೂಡುತ್ತವೆ.

ಪ್ರಶ್ನೆ ಕೇಳಿದವರು

ಶೀಶೆಯ ಮೇಲೆ ಪಿಆರ್‌ಎಸ್‌ಎಸ್3 ಎಂದೇ ಇದೆ. ಬೇಡಿಕೆಪತ್ರದಲ್ಲಿ ನಾನು ಬರೀ ‘ಮಾನವ ಟ್ರಿಪ್ಸಿನ್’ ಎಂದು ಬರೆದಿದ್ದೆ. ಪಿಆರ್‌ಎಸ್‌ಎಸ್1ಗೆ ಹೊಸ ಬೇಡಿಕೆ ಕಳಿಸಿದ್ದೇನೆ, ಈ ಶೀಶೆಯನ್ನು ಜೆಲ್‌ಗೆಂದು ಇಟ್ಟುಕೊಂಡಿದ್ದೇನೆ. ಎಲ್ಲರಿಗೂ ಧನ್ಯವಾದಗಳು.